ಭಾವನ ಕಾರು ನನ್ನ ಕೈಯಲ್ಲಿ ಗುದ್ದಿತು: ಖರ್ಚು ಯಾರ ಲೆಕ್ಕಕ್ಕೆ?

ಪ್ರಶ್ನೆ: ನಾನು ಕಾಪುವಿನವನು. ಅಕ್ಕನ ಗಂಡ ಮಸ್ಕತ್‌ನಲ್ಲಿದ್ದಾರೆ, ಅವರ ಕಾರು ಊರಿನ ಮನೆಯಲ್ಲಿರುತ್ತದೆ. ಕಳೆದ ಆದಿತ್ಯವಾರ ಮಂಗಳೂರಿನಲ್ಲಿ ಮದುವೆ ಇತ್ತು. ಅಕ್ಕನ ಹತ್ತಿರ ಕೇಳಿ ಕಾರು ತೆಗೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಕೂಳೂರಿನ ಹತ್ತಿರ ಜೋರು ಮಳೆ. ಮುಂದಿನ ಕಾರು ಗಕ್ಕನೆ ನಿಂತಿತು, ನಾನು ಬ್ರೇಕ್ ಹಾಕಿದರೂ ಜಾರಿ ಹೋಗಿ ಅದರ ಹಿಂದಕ್ಕೆ ಗುದ್ದಿತು. ರೇಡಿಯೇಟರ್ ಒಡೆದಿತ್ತು, 3,000 ರೂಪಾಯಿ ಕೊಟ್ಟು ಟೋಯಿಂಗ್ ಮಾಡಿಸಿ ಗ್ಯಾರೇಜಿಗೆ ಬಿಟ್ಟಿದ್ದೇನೆ. ಎಸ್ಟಿಮೇಟ್ 58,000 ಬಂದಿದೆ. ಮುಂದಿನ ಕಾರಿನವರು 25,000 ಕೇಳಿದರು, ಅಲ್ಲಿಯೇ 5,000 ಫೋನಿನಲ್ಲಿ ಕಳಿಸಿದೆ. ಈಗ ಅವರ ಹೆಂಡತಿಗೆ ಕುತ್ತಿಗೆ ನೋವು ಎಂದು ಫೋನ್ ಮಾಡುತ್ತಿದ್ದಾರೆ. ಕಾರು 1,197 ಸಿಸಿ, ಮೂರೂವರೆ ವರ್ಷ ಹಳೆಯದು, ಫುಲ್ ಇನ್ಶೂರೆನ್ಸ್ ಇದೆ, ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ಬೋನಸ್) 35%. ನನ್ನ ಲೈಸೆನ್ಸ್ ಸರಿ ಇದೆ, ಕುಡಿದಿರಲಿಲ್ಲ. ಓನರ್ ಅಲ್ಲದವರು ಓಡಿಸಿದರೆ ಕ್ಲೇಮ್ ಆಗುವುದಿಲ್ಲ, ಅಕ್ಕ ಓಡಿಸಿದ್ದೆಂದು ಬರೆಯಿರಿ ಎಂದು ಒಬ್ಬರು ಹೇಳುತ್ತಾರೆ. ಭಾವ ಅಲ್ಲಿಂದ ‘ಕ್ಲೇಮ್ ಬೇಡ, ಬೋನಸ್ ಹೋಗ್ತದೆ’ ಎನ್ನುತ್ತಾರೆ. ನಾನು ಎಷ್ಟು ಕೊಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಲೆಕ್ಕಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ: ಭಾವನ ಕಾರಿನದ್ದು, ಮುಂದಿನ ಕಾರಿನದ್ದು, ಆ ಹೆಂಗಸಿನ ಕುತ್ತಿಗೆಯದ್ದು. ಮೂರನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಅದಕ್ಕೂ ಮೊದಲು ಇವತ್ತೇ ಆಗಬೇಕಾದ ಎರಡು ಕೆಲಸಗಳಿವೆ. ಇನ್ಶೂರೆನ್ಸ್ ಕಂಪನಿಯ ಕ್ಲೇಮ್ ನಂಬರಿಗೆ ಫೋನ್ ಮಾಡಿ ಅಪಘಾತದ ಮಾಹಿತಿ ಕೊಡಿ. ಗ್ಯಾರೇಜಿನವರಿಗೆ ಒಂದು ಬೋಲ್ಟನ್ನೂ ಬಿಚ್ಚಬೇಡಿ ಎಂದು ಹೇಳಿ. ಮಾಹಿತಿ ಕೊಟ್ಟ ಮಾತ್ರಕ್ಕೆ ಹಣ ಪಡೆಯಲೇಬೇಕೆಂದಿಲ್ಲ, ಆಮೇಲೆ ಬೇಡವೆನಿಸಿದರೆ ಬಿಡಬಹುದು. ಹಾನಿ ಅಂದಾಜು ಮಾಡಲು ಬರುವ ಸರ್ವೇಯರ್ ನೋಡುವ ಮೊದಲೇ ಬಾನೆಟ್ ತಟ್ಟಿ ನೇರ ಮಾಡಿಬಿಟ್ಟರೆ ಮಾತ್ರ ಹಿಂದಕ್ಕೆ ಬರುವ ದಾರಿ ಇಲ್ಲ. ಎರಡು ಮೂರು ದಿನ ತಡವಾಗಿದ್ದಕ್ಕೆ ಗಾಬರಿ ಬೇಡ. ಕೇವಲ ತಡವಾಯಿತೆಂದು ನಿಜವಾದ ಕ್ಲೇಮುಗಳನ್ನು ತಳ್ಳಿಹಾಕಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ತಡಕ್ಕೆ ಕಾರಣವನ್ನು ಎರಡು ಸಾಲಿನಲ್ಲಿ ಬರೆದುಕೊಡಿ, ಸಾಕು.

ಇನ್ನು ಆ ‘ಓನರ್ ಅಲ್ಲದವರು’ ಎಂಬ ಮಾತು. ನಮ್ಮಲ್ಲಿ ಇನ್ಶೂರೆನ್ಸ್ ಇರುವುದು ಕಾರಿಗೆ. ಪಾಲಿಸಿಯಲ್ಲಿ ‘ಡ್ರೈವರ್ಸ್ ಕ್ಲಾಜ್’ (ಚಾಲಕರ ಷರತ್ತು) ಎಂಬ ಸಣ್ಣ ಅಕ್ಷರದ ಭಾಗವನ್ನು ಓದಿ ನೋಡಿ. ವಿಮೆ ಮಾಡಿಸಿದವರೂ ಸೇರಿ ಯಾರು ಬೇಕಾದರೂ ಓಡಿಸಬಹುದು, ಅಪಘಾತದ ಹೊತ್ತಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಅನರ್ಹಗೊಂಡಿರಬಾರದು ಎಂದಷ್ಟೇ ಅಲ್ಲಿರುತ್ತದೆ. ಅಕ್ಕ ಕೀಲಿ ಕೊಟ್ಟದ್ದು ಭಾವನ ಪರವಾಗಿ. ಭಾವ ಒಂದು ಇಮೇಲಿನಲ್ಲಿ ‘ನನ್ನ ಒಪ್ಪಿಗೆಯಿಂದಲೇ ಓಡಿಸಿದ್ದು’ ಎಂದು ಬರೆದರೆ ಆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಹಿಂದಿನಿಂದ ಗುದ್ದಿದ್ದು, ತಪ್ಪು ನಿಮ್ಮದೇ, ಹಾಗಾಗಿ ಹಣ ಸಿಗದು ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಓಡಿಸಿದವರ ಅಜಾಗರೂಕತೆಯಿಂದಾದ ಹಾನಿಯನ್ನು ಭರಿಸುವುದಕ್ಕೇ ಫುಲ್ ಇನ್ಶೂರೆನ್ಸ್ ಇರುವುದು.

ಕ್ಲೇಮ್ ಬೀಳುವ ಜಾಗಗಳು ಬೇರೆ ಇವೆ. ಲೈಸೆನ್ಸ್ ಅವಧಿ ಮುಗಿದಿದ್ದರೆ, ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಮ್ ಮೀರಿ ಮದ್ಯ ಇದ್ದರೆ, ಬಿಳಿ ಬೋರ್ಡಿನ ಕಾರನ್ನು ದುಡ್ಡು ಪಡೆದು ಬಾಡಿಗೆಗೆ ಕೊಟ್ಟಿದ್ದರೆ ಕಂಪನಿ ಕೈಯೆತ್ತುತ್ತದೆ. ಮದುವೆ ಸೀಸನ್ನಿನಲ್ಲಿ ಈ ಮೂರನೆಯದು ಕರಾವಳಿಯಲ್ಲಿ ಬೇಕಾದಷ್ಟು ನಡೆಯುತ್ತದೆ. ನೀವು ಟ್ಯಾಂಕಿಗೆ ಪೆಟ್ರೋಲ್ ಹಾಕಿಸಿ ಕೊಟ್ಟಿದ್ದರೆ ಅದು ಬಾಡಿಗೆಯಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಇನ್ನೊಂದು ವಿಷಯ ಭಾವನ ಹತ್ತಿರ ಕೇಳಿ: ಕಾರು ಸೆಕೆಂಡ್ ಹ್ಯಾಂಡೇ? ಆರ್‌ಸಿ ಅವರ ಹೆಸರಿಗೆ ಬಂದು ಪಾಲಿಸಿ ಮಾತ್ರ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದಿದ್ದರೆ ಕಾರಿನ ಹಾನಿಗೆ ಬಿಡಿಗಾಸೂ ಬರುವುದಿಲ್ಲ. ಆ ವರ್ಗಾವಣೆಗೆ ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ 14 ದಿನಗಳ ಗಡುವು ಕೊಟ್ಟಿದೆ.

‘ಅಕ್ಕ ಓಡಿಸಿದ್ದೆಂದು ಬರೆಯಿರಿ’ ಎಂಬ ಸಲಹೆ ಬಹಳ ಕೆಟ್ಟ ಸಲಹೆ. ಸರಿಯಾಗಿ ಕೊಟ್ಟರೆ ಪಾಸಾಗುವ ಕ್ಲೇಮನ್ನು ಕೈಯಾರೆ ಹಾಳುಮಾಡುವುದು ಇದೊಂದೇ. ಗಲ್ಫಿನಲ್ಲಿರುವವರ ಕಾರುಗಳ ವಿಷಯದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಫಾರ್ಮಿನಲ್ಲಿ ಮಾಲೀಕರೇ ಓಡಿಸಿದರೆಂದು ಬರೆದಿರುತ್ತಾರೆ, ಅವರ ಪಾಸ್‌ಪೋರ್ಟಿನ ಮುದ್ರೆ ನೋಡಿದರೆ ಆ ದಿನ ಅವರು ದೇಶದಲ್ಲೇ ಇಲ್ಲ! ನಿಮ್ಮದರಲ್ಲಂತೂ ನೀವು 5,000 ಕಳಿಸಿದ ದಾಖಲೆ ನಿಮ್ಮ ಹೆಸರಿನಲ್ಲಿದೆ, ಎದುರಿನವರು ನಿಮ್ಮ ಮುಖ ನೋಡಿದ್ದಾರೆ, ಹೆದ್ದಾರಿ ಬದಿಯ ಅಂಗಡಿಗಳ ಕ್ಯಾಮೆರಾಗಳಿವೆ, ಟೋಯಿಂಗ್ ಬಿಲ್ಲಿನಲ್ಲಿ ನಿಮ್ಮ ಫೋನ್ ನಂಬರಿದೆ. ಮುಂದೆ ಕುತ್ತಿಗೆ ನೋವಿನ ವಿಷಯ ಪೊಲೀಸರಿಗೆ ಹೋದರೆ ಅಲ್ಲಿನ ಕಾಗದದಲ್ಲಿ ಚಾಲಕರಾಗಿ ನಿಮ್ಮ ಹೆಸರು ಬರುತ್ತದೆ, ಕ್ಲೇಮ್ ಫಾರ್ಮಿನಲ್ಲಿ ಅಕ್ಕನ ಹೆಸರು. ಒಂದು ಸುಳ್ಳು ಸಿಕ್ಕಿದರೆ ಕಂಪನಿ ಪೂರ್ತಿ ಕ್ಲೇಮನ್ನೇ ತಿರಸ್ಕರಿಸಬಹುದು, ಅಕ್ಕ ಸುಮ್ಮನೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತದೆ.

58,000ದ ಒಳಗೆ ಏನಿದೆ

ಭಾವನಿಗೆ ಬೋನಸ್ಸಿನ ಚಿಂತೆ. ಆ ಚಿಂತೆ ಸುಳ್ಳಲ್ಲ, ಆದರೆ ಮೊತ್ತ ಗೊತ್ತಿಲ್ಲದೆ ಅದು ದೊಡ್ಡದಾಗಿ ಕಾಣುತ್ತಿದೆ. ಎಸ್ಟಿಮೇಟಿನ ಪ್ರತಿ ನೀವು ಕಳಿಸಿಲ್ಲ. ಇಂಥ ಗುದ್ದಿಗೆ ಸಣ್ಣ ಕಾರಿನ ಬಿಲ್ಲು, ತೆರಿಗೆ ಸೇರಿ, ಹೆಚ್ಚುಕಡಿಮೆ ಹೀಗಿರುತ್ತದೆ ಎಂದು ಇಟ್ಟುಕೊಳ್ಳಿ. ಬಂಪರು, ಗ್ರಿಲ್, ಎಡಬದಿಯ ಹೆಡ್‌ಲೈಟ್ ಸೇರಿ ಪ್ಲಾಸ್ಟಿಕ್ ಭಾಗಗಳು 13,000. ಬಾನೆಟ್, ಫೆಂಡರ್, ರೇಡಿಯೇಟರ್, ಅದನ್ನು ಹಿಡಿದಿರುವ ಪ್ಯಾನೆಲ್ ಸೇರಿ ಲೋಹದ ಭಾಗಗಳು 22,000. ಟಿಂಕರಿಂಗ್ ಮತ್ತು ಫಿಟ್ಟಿಂಗ್ ಕೂಲಿ 8,000. ಪೈಂಟಿಂಗ್ 14,000. ಕೂಲಂಟ್, ಕ್ಲಿಪ್ಪು ಇತ್ಯಾದಿ 1,000.

ಹೊಸ ಭಾಗ ಹಾಕುವಾಗ ಕಂಪನಿ ಹಳೆಯ ಭಾಗದ ಸವಕಳಿ ಕಳೆದು ಕೊಡುತ್ತದೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟಯರುಗಳಿಗೆ ಕಾರಿನ ವಯಸ್ಸು ಎಷ್ಟೇ ಇದ್ದರೂ 50%. ಗಾಜಿಗೆ ಏನೂ ಇಲ್ಲ. ಲೋಹಕ್ಕೆ ವಯಸ್ಸಿನ ಮೇಲೆ, ಮೂರರಿಂದ ನಾಲ್ಕು ವರ್ಷದ ಕಾರಿಗೆ 25%. (ನಾಲ್ಕು ದಾಟಿದ್ದರೆ 35% ಆಗುತ್ತಿತ್ತು.) ಪೈಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ. ಕೂಲಿಗೆ ಕಡಿತ ಇಲ್ಲ. ಹಾಗಾದರೆ ಪ್ಲಾಸ್ಟಿಕ್‌ನಲ್ಲಿ 6,500, ಲೋಹದಲ್ಲಿ 5,500, ಬಣ್ಣದಲ್ಲಿ 1,750, ಪಾಲಿಸಿಯಲ್ಲಿ ಸೇರದ ಕೂಲಂಟ್ ಬಾಬ್ತು 1,000 ಹೋಯಿತು. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯ ಕಡಿತ 1,000. ಟೋಯಿಂಗಿಗೆ ಸಾಮಾನ್ಯ ಪಾಲಿಸಿಯಲ್ಲಿ 1,500ಕ್ಕಿಂತ ಹೆಚ್ಚು ಸಿಗುವುದಿಲ್ಲ, ಅಲ್ಲಿ ಇನ್ನೊಂದು 1,500 ಕೈಯಿಂದ. ಕೂಡಿಸಿದರೆ 17,250. ಒಟ್ಟು 61,000 ಖರ್ಚಿನಲ್ಲಿ ಕಂಪನಿ ಕೊಡುವುದು 43,750. ಬದಲಾಯಿಸಿದ ಹಳೆಯ ಬಾನೆಟ್ಟಿನ ಗುಜರಿ ಬೆಲೆಯೆಂದು ಕೆಲವು ನೂರು ರೂಪಾಯಿ ಮುರಿದುಕೊಳ್ಳುವುದೂ ಉಂಟು.

ಪಾಲಿಸಿಯಲ್ಲಿ ‘ಝೀರೋ ಡೆಪ್ರಿಸಿಯೇಷನ್’ ಸೇರಿದ್ದರೆ ಚಿತ್ರವೇ ಬೇರೆ. ಸವಕಳಿಯ 13,750 ಮಾಯವಾಗಿ ನಿಮ್ಮ ಪಾಲು 3,500ಕ್ಕೆ ಇಳಿಯುತ್ತದೆ. ಪಾಲಿಸಿಯ ಮೊದಲ ಪುಟದಲ್ಲೇ ಪ್ರೀಮಿಯಂ ಪಟ್ಟಿಯ ಪಕ್ಕ ಅದು ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಈಗ ಬೋನಸ್ಸು. ಎನ್‌ಸಿಬಿ ಏರುವುದು 20, 25, 35, 45, 50 ಎಂಬ ಮೆಟ್ಟಿಲಲ್ಲಿ. ಈಗಾಗಲೇ ಸಿಕ್ಕಿರುವ 35%ನ್ನು ಯಾರೂ ವಾಪಸು ಕೇಳುವುದಿಲ್ಲ, ಹೊಡೆತ ಬೀಳುವುದು ಮುಂದಿನ ನವೀಕರಣಕ್ಕೆ. ಕ್ಲೇಮ್ ಮಾಡದಿದ್ದರೆ ಮುಂದಿನ ಐದು ವರ್ಷ 45, 50, 50, 50, 50. ಮಾಡಿದರೆ 0, 20, 25, 35, 45. ವ್ಯತ್ಯಾಸ ವರ್ಷಕ್ಕೆ 45, 30, 25, 15, 5. ಈ ಶೇಕಡಾ ಇಡೀ ಪ್ರೀಮಿಯಮ್ಮಿನ ಮೇಲಲ್ಲ, ಸ್ವಂತ ಹಾನಿಯ ಭಾಗದ ಮೇಲೆ ಮಾತ್ರ. ಥರ್ಡ್ ಪಾರ್ಟಿ ಪ್ರೀಮಿಯಮ್ಮಿಗೆ ಬೋನಸ್ಸೇ ಇಲ್ಲ. ಇಲ್ಲೇ ಹೆಚ್ಚಿನವರು ತಪ್ಪು ಲೆಕ್ಕ ಹಾಕುವುದು. ಬೋನಸ್ ಕಳೆಯುವ ಮೊದಲು ಸ್ವಂತ ಹಾನಿ ಪ್ರೀಮಿಯಂ ಮುಂದಿನ ನವೀಕರಣಕ್ಕೆ 8,000 ಇದ್ದು, ಕಾರಿನ ಬೆಲೆ ಇಳಿದಂತೆ 7,400, 6,800, 6,300, 5,800 ಎಂದು ಇಳಿಯುತ್ತದೆ ಎಂದುಕೊಳ್ಳಿ. ನಷ್ಟ 3,600, 2,220, 1,700, 945, 290. ಒಟ್ಟು 8,755, ಅದರ ಮೇಲೆ 18% ಜಿಎಸ್‌ಟಿ ಸೇರಿ ಸುಮಾರು 10,300. ನಡುವೆ ಬೇರೆ ಯಾವ ಕ್ಲೇಮೂ ಆಗದಿದ್ದರೆ ಮಾತ್ರ ಇಷ್ಟು ಆಗುವುದು. ‘ಎನ್‌ಸಿಬಿ ಪ್ರೊಟೆಕ್ಟ್’ ಸೇರಿದ್ದರೆ ಅದರ ಷರತ್ತಿನೊಳಗೆ ಒಂದು ಕ್ಲೇಮಿಗೆ ಬೋನಸ್ ಹೋಗುವುದೂ ಇಲ್ಲ.

ಅಂದರೆ ಕ್ಲೇಮ್ ಮಾಡಿದರೆ ಕುಟುಂಬದ ಕೈಬಿಡುವುದು 17,250 ಮತ್ತು 10,300, ಹತ್ತಿರ ಹತ್ತಿರ 27,600. ಮಾಡದಿದ್ದರೆ 61,000. ಈ ಕಾಗದವನ್ನೇ ಫೋಟೋ ತೆಗೆದು ಭಾವನಿಗೆ ಕಳಿಸಿ. ಅವರ ಮಾತು ಸರಿಯಾಗುವುದು ಸಣ್ಣ ಗೀರಿನಲ್ಲಿ. ಬರೀ ಬಂಪರು ಬದಲಾಯಿಸಿ ಬಣ್ಣ ಹಾಕುವ 11,000ದ ಬಿಲ್ಲಾಗಿದ್ದರೆ ಕಂಪನಿಯಿಂದ 7,000 ಬರುತ್ತಿತ್ತು, ಬೋನಸ್ಸಿನಲ್ಲಿ 10,300 ಹೋಗುತ್ತಿತ್ತು. ಅಂಥದ್ದಕ್ಕೆ ಕ್ಲೇಮ್ ಮಾಡಬಾರದು.

ಹಾಗಾದರೆ ನೀವು ಕೊಡಬೇಕಾದ್ದು

ಕಾನೂನಿನ ಪ್ರಕಾರ ಎರವಲು ಕಾರು ಎಂದರೆ 1872ರ ಕರಾರು ಕಾಯ್ದೆಯ ಲೆಕ್ಕದಲ್ಲಿ ಬೇರೆಯವರ ವಸ್ತು ನಿಮ್ಮ ವಶದಲ್ಲಿರುವುದು. ಸಾಧಾರಣ ಬುದ್ಧಿಯವನು ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಿದ್ದರೆ ಹಾನಿಗೆ ನೀವು ಹೊಣೆಯಲ್ಲ ಎನ್ನುತ್ತವೆ 151 ಮತ್ತು 152ನೇ ಸೆಕ್ಷನ್‌ಗಳು. ಮಳೆಯಲ್ಲಿ ಅಂತರ ಬಿಡದೆ ಹಿಂದಿನಿಂದ ಗುದ್ದಿದ್ದಕ್ಕೆ ಆ ಆಸರೆ ಸಿಗುವುದು ಕಷ್ಟ. 154ನೇ ಸೆಕ್ಷನ್ ಇನ್ನೂ ಬಿಗಿ. ಅದರ ಉದಾಹರಣೆ ಕುದುರೆಯದ್ದು: ತಾನೇ ಸವಾರಿ ಮಾಡಲೆಂದು ಎರವಲು ತಂದ ಕುದುರೆಯನ್ನು ಒಬ್ಬ ತನ್ನ ಮನೆಯವನಿಗೆ ಕೊಡುತ್ತಾನೆ. ಆತ ಜಾಗ್ರತೆಯಿಂದಲೇ ಸವಾರಿ ಮಾಡಿದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಳ್ಳುತ್ತದೆ. ಹೊಣೆ ಎರವಲು ತಂದವನದ್ದೇ. ನಿಮಗೆಂದು ಕೊಟ್ಟ ಕಾರನ್ನು ಮದುವೆ ಹಾಲ್‌ನಿಂದ ಗೆಳೆಯನ ಕೈಗೆ ಕೊಟ್ಟಿದ್ದರೆ ನೀವು ಈ ಕುದುರೆಯ ಕಥೆಯೊಳಗೆ ಇರುತ್ತಿದ್ದಿರಿ. ನೀವೇ ಓಡಿಸಿದ್ದು ಒಳ್ಳೆಯದಾಯಿತು.

ಸಂಬಂಧಿಕರ ನಡುವೆ ಸೆಕ್ಷನ್ ಓದುವುದು ಯಾರಿಗೂ ಬೇಡ. ಇನ್ಶೂರೆನ್ಸ್ ಕೊಡದೆ ಬಿಟ್ಟ ಪೂರ್ತಿ ತೂತನ್ನು ನೀವು ತುಂಬುವುದೇ ಸರಿ. ‘ಸವಕಳಿ ಕಾರಿನದ್ದು, ಹೊಸ ಬಂಪರು ಭಾವನಿಗೇ ಲಾಭವಲ್ಲವೇ’ ಎಂದು ವಾದ ಮಾಡಬಹುದು. ಆದರೆ ಆ ಬಂಪರನ್ನು ಬದಲಾಯಿಸುವ ಯೋಚನೆ ಭಾವನಿಗೆ ಇರಲಿಲ್ಲ. ಬೋನಸ್ಸಿನ 10,300 ಕೂಡ ಒಂದೇ ಸಲ ಕೊಟ್ಟುಬಿಡಿ. ವರ್ಷ ವರ್ಷ ವ್ಯತ್ಯಾಸ ಲೆಕ್ಕ ಹಾಕಿ ಕೊಡುವುದು ಕಾಗದದಲ್ಲಿ ನ್ಯಾಯವಾಗಿ ಕಾಣುತ್ತದೆ, ಆದರೆ ಐದು ವರ್ಷ ಪ್ರತಿ ನವೀಕರಣದ ಹೊತ್ತಿಗೂ ಈ ಅಪಘಾತದ ಮಾತು ಏಳುತ್ತದೆ. ಹಳೆಯ ಗೀರು, ಉಪ್ಪುಗಾಳಿಗೆ ಬಾಗಿಲಿನ ಅಂಚಿನಲ್ಲಿ ಬಂದ ತುಕ್ಕು ಇವೆಲ್ಲ ನಿಮ್ಮ ಲೆಕ್ಕಕ್ಕೆ ಬರಬೇಕಾಗಿಲ್ಲ. ‘ಹೇಗೂ ಕ್ಲೇಮ್ ಉಂಟಲ್ಲ, ಅದನ್ನೂ ಸೇರಿಸುವ’ ಎಂದು ಗ್ಯಾರೇಜಿನವರು ಹೇಳಿದರೆ ಒಪ್ಪಬೇಡಿ. ಎದುರಿನ ಗುದ್ದಿಗೆ ಹಿಂಬಾಗಿಲು ಹೇಗೆ ತಗ್ಗಾಯಿತು ಎಂದು ಸರ್ವೇಯರ್ ಕೇಳುತ್ತಾರೆ, ಆಮೇಲೆ ಸರಿಯಾದ ಭಾಗಗಳ ಮೇಲೂ ಸಂಶಯ ಬರುತ್ತದೆ.

ಮುಂದಿನ ಕಾರು ಮತ್ತು ಕುತ್ತಿಗೆ ನೋವು

ದಾರಿಯಲ್ಲೇ ಕಳಿಸಿದ 5,000 ನಿಮ್ಮ ಕೈಯಿಂದಲೇ ಹೋಯಿತು, ಅದನ್ನು ಕಂಪನಿ ಕೊಡುವುದಿಲ್ಲ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳುವುದಾಗಲಿ, ಹಣ ಕೊಡುವ ಮಾತಾಗಲಿ ಕೂಡದು ಎಂಬ ಷರತ್ತು ಪಾಲಿಸಿಯಲ್ಲಿದೆ. ಇನ್ನು 20,000 ಕಳಿಸುವ ಮೊದಲು ನಿಲ್ಲಿ.

ಎದುರಿನವರ ಕಾರಿನ ಹಾನಿ ಭಾವನ ಪಾಲಿಸಿಯ ಥರ್ಡ್ ಪಾರ್ಟಿ ಭಾಗದಲ್ಲಿ ಬರುತ್ತದೆ. ಖಾಸಗಿ ಕಾರಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ. ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡವರೂ ಇದ್ದಾರೆ, ನೋಡಿಕೊಳ್ಳಿ. ಆದರೆ ಅದನ್ನು ಪಡೆಯಲು ಅವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಒಂದು ಡಿಕ್ಕಿ ಬಾಗಿಲಿಗೆ ಅಷ್ಟು ದೂರ ಯಾರೂ ಹೋಗುವುದಿಲ್ಲ. ಅವರಿಗೂ ಫುಲ್ ಇನ್ಶೂರೆನ್ಸ್ ಇದ್ದರೆ ತಮ್ಮ ಪಾಲಿಸಿಯಲ್ಲೇ ಮಾಡಿಸಿಕೊಳ್ಳಲಿ. ಅವರ ಸವಕಳಿ, ಕಡ್ಡಾಯ ಕಡಿತ, ಬೋನಸ್ ನಷ್ಟವನ್ನು ಬಿಲ್ಲು ನೋಡಿ ನೀವು ತುಂಬಿಕೊಡಿ. ಮೇಲಿನ ಲೆಕ್ಕವೇ ಅಲ್ಲಿಗೂ ಸಾಕು. ಇನ್ಶೂರೆನ್ಸ್ ಇಲ್ಲದಿದ್ದರೆ ಗ್ಯಾರೇಜಿನ ಬಿಲ್ಲಿಗೆ ನೇರವಾಗಿ ಗ್ಯಾರೇಜಿಗೇ ಕಟ್ಟಿ. ಯಾವ ದಾರಿಯಾದರೂ ಕಂಪನಿಗೆ ತಿಳಿಸಿಯೇ ಕೊಡಿ. ರಸೀದಿಯಲ್ಲಿ ಗಾಡಿ ನಂಬರು, ದಿನಾಂಕ, ಮೊದಲೇ ಕೊಟ್ಟ 5,000, ಜೊತೆಗೆ ‘ವಾಹನದ ರಿಪೇರಿಗೆ ಮಾತ್ರ’ ಎಂಬ ಪದಗಳಿರಲಿ.

ಗಾಯದ ವಿಷಯದಲ್ಲಿ ಮಾತ್ರ ಫೋನಿನಲ್ಲಿ ರಾಜಿ ಬೇಡ. ಹಿಂದಿನಿಂದ ಗುದ್ದಿದಾಗ ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತದೆ, ಕುತ್ತಿಗೆಯ ನೋವು ಮರುದಿನ ಅಥವಾ ಅದರ ಮರುದಿನ ಕಾಣಿಸಿಕೊಳ್ಳುವುದು ಸಹಜ. ನಾಟಕ ಎಂದು ತಿಳಿಯಬೇಡಿ. ಒಳ್ಳೆಯ ಮೂಳೆ ಡಾಕ್ಟರಿಗೆ ತೋರಿಸಿ ಎಂದು ಹೇಳಿ, ಆ ಖರ್ಚು ಕೊಡುವುದು ಮನುಷ್ಯತ್ವ. ಆದರೆ ‘ಇಷ್ಟು ತೆಗೆದುಕೊಂಡು ಮುಗಿಸಿ’ ಎಂಬ ಛಾಪಾ ಕಾಗದದಿಂದ ಅವರ ಪರಿಹಾರದ ಹಕ್ಕು ಹೋಗಿಬಿಡುತ್ತದೆ ಎಂದು ನಂಬಿ ಕೂರಬೇಡಿ. ಗಾಯವಾದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕರ ಕರ್ತವ್ಯ, ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್. ನಿಮಗೆ ಗೊತ್ತಾದದ್ದೇ ಈಗ, ಈಗಲೇ ಆ ಜಾಗಕ್ಕೆ ಸೇರಿದ ಸಂಚಾರ ಠಾಣೆಗೆ ಹೋಗಿ ಬರೆದುಕೊಡಿ. ಕೇಸ್ ದಾಖಲಾದರೆ ಬ್ರೇಕ್ ಇನ್ಸ್‌ಪೆಕ್ಟರ್ ಕಾರನ್ನು ಪರೀಕ್ಷಿಸುತ್ತಾರೆ. ಗ್ಯಾರೇಜಿನಲ್ಲಿ ಕೆಲಸ ನಿಲ್ಲಿಸಿ ಎಂದದ್ದಕ್ಕೆ ಇದೂ ಒಂದು ಕಾರಣ. ಮುಂದೆ ನ್ಯಾಯಮಂಡಳಿಯ ನೋಟಿಸು ಬಂದರೆ ಅದು ಮಾಲೀಕರಾದ ಭಾವನಿಗೂ ಬರುತ್ತದೆ. ಕಾಪುವಿನ ವಿಳಾಸಕ್ಕೆ ಬಂದ ಆ ಲಕೋಟೆಯನ್ನು ಅಕ್ಕ ಒಡೆಯದೆ ಎತ್ತಿಡಬಾರದು, ಅದೇ ದಿನ ಕಂಪನಿಗೆ ಹೋಗಬೇಕು. ಲೈಸೆನ್ಸ್, ಪಾಲಿಸಿ ಸರಿ ಇರುವುದರಿಂದ ಆದೇಶವಾದ ಮೊತ್ತವನ್ನು ಕಂಪನಿಯೇ ಕಟ್ಟುತ್ತದೆ. ಲೈಸೆನ್ಸ್ ಇಲ್ಲದವರ ಕೈಗೆ ಕಾರು ಹೋದರೆ ಕಂಪನಿ ಗಾಯಾಳುವಿಗೆ ಕೊಟ್ಟು ಮಾಲೀಕರಿಂದ ವಸೂಲು ಮಾಡುವುದುಂಟು. ಪಿಯುಸಿ ಹುಡುಗರ ಕೈಗೆ ಕೀಲಿ ಕೊಡುವವರು ಇದನ್ನು ಗಮನಿಸಲಿ.

ನೀವು ಕೇಳದೇ ಇದ್ದ ಒಂದು ಸಂಗತಿ. ಆ ದಿನ ನಿಮಗೇ ಏನಾದರೂ ಆಗಿದ್ದರೆ ಭಾವನ ಪಾಲಿಸಿಯಲ್ಲಿರುವ 15 ಲಕ್ಷದ ಅಪಘಾತ ವಿಮೆ ನಿಮಗೆ ಸಿಗುತ್ತಿರಲಿಲ್ಲ. ಅದು ಸ್ವತಃ ಓಡಿಸುವ ಮಾಲೀಕರಿಗೆ ಮಾತ್ರ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಎರವಲು ಬೈಕಿನಲ್ಲಿ ಹೋಗಿ ಎತ್ತಿನಗಾಡಿಗೆ ಗುದ್ದಿ ಸತ್ತವರ ಮನೆಯವರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಂತಂತೆ, ಮೂರನೆಯವನಲ್ಲ ಎಂದು ನಿಂಗಮ್ಮ ಪ್ರಕರಣವೆಂದೇ ಹೆಸರಾದ 2009ರ ಆ ತೀರ್ಪು ಹೇಳಿತು. ಬೇರೆಯವರ ಗಾಡಿ ಆಗಾಗ ಓಡಿಸುವವರು ತಮ್ಮ ಹೆಸರಿನಲ್ಲೇ ಒಂದು ಪ್ರತ್ಯೇಕ ವೈಯಕ್ತಿಕ ಅಪಘಾತ ವಿಮೆ ಮಾಡಿಸಿಕೊಳ್ಳಬೇಕು.

ಭಾವ ಊರಿಗೆ ಬರಬೇಕಾಗಿಲ್ಲ. ಕ್ಲೇಮ್ ಫಾರ್ಮಿಗೆ ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸಲಿ, ಜೊತೆಗೆ ಪ್ಯಾನ್, ಆಧಾರ್ ಪ್ರತಿ, ನಿಮಗೆ ಓಡಾಡಲು ಒಂದು ಅಧಿಕಾರ ಪತ್ರ. ನೀವು ಆರ್‌ಸಿ, ಪಾಲಿಸಿ, ನಿಮ್ಮ ಮೂಲ ಲೈಸೆನ್ಸ್, ಎಸ್ಟಿಮೇಟ್, ಟೋಯಿಂಗ್ ರಸೀದಿ ಹಿಡಿದುಕೊಳ್ಳಿ. ಈಗಿನ ಗ್ಯಾರೇಜು ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆಯೇ ಕೇಳಿ. ಇದ್ದರೆ ಹಣ ನೇರ ಗ್ಯಾರೇಜಿಗೆ ಹೋಗುತ್ತದೆ. ಇಲ್ಲದಿದ್ದರೆ ಪೂರ್ತಿ ಬಿಲ್ಲು ನೀವು ಕಟ್ಟಬೇಕು, ಹಣ ಬರುವುದು ಭಾವನ ಖಾತೆಗೆ. ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಪಡೆದು ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಲ್ಲಿಯೂ ಆಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ರಿಪೇರಿ ಮುಗಿದ ದಿನ ‘ತೃಪ್ತಿಯಾಗಿದೆ’ ಎಂಬ ಕಾಗದಕ್ಕೆ ಸಹಿ ಹಾಕುವ ಮೊದಲು ಕಾರನ್ನು ಹತ್ತು ನಿಮಿಷ ನಿಂತಲ್ಲೇ ಓಡುವಂತೆ ಬಿಟ್ಟು ರೇಡಿಯೇಟರ್ ಫ್ಯಾನು ತಿರುಗುತ್ತದೆಯೇ, ಕೆಳಗೆ ಹನಿ ಬೀಳುತ್ತದೆಯೇ ನೋಡಿ. ಹೊಸ ಹೆಡ್‌ಲೈಟಿನ ಬೆಳಕು ಗೋಡೆಯ ಮೇಲೆ ಬಲಗಡೆಯದ್ದರ ಎತ್ತರಕ್ಕೇ ಬೀಳಬೇಕು. ಬಾನೆಟ್ ಎರಡೂ ಬದಿಯಲ್ಲಿ ಒಂದೇ ಸಮ ಕೂತಿರಬೇಕು. ಬಣ್ಣದ ವ್ಯತ್ಯಾಸ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ, ಬಿಸಿಲಿಗೆ ತಂದು ನೋಡಿ. ಮಳೆಗಾಲವಾದರೆ ಬಿಸಿಲು ಬರುವವರೆಗೆ ಸಹಿ ಹಾಕಬೇಡಿ.